ಮೂಡಲ ಮೋಡ, ಮಡೆನೂರು ಗೋಡೆ

"ಕತ್ತಿ! ಕತ್ತಿ ಕೊಡೋ ಮಾರಾಯ!"

ಅಣ್ಣನ ಒಂದು ಕೈ ಬಲೆಯ ಹಗ್ಗದ ಮೇಲೆ, ಇನ್ನೊಂದು ನನ್ನ ಕಡೆಗೆ. ತೆಪ್ಪ ಒಂದೇ ಮಗ್ಗುಲಿಗೆ ವಾಲಿದೆ, ಅಂಚು ದಾಟಿ ನೀರು ಒಳಗೆ ಸುರಿಯುತ್ತಿದೆ. ಬಲೆ ಬೊಡ್ಡೆಗೆ ಸಿಕ್ಕಿಕೊಂಡು ನಮ್ಮನ್ನು ಕಟ್ಟಿಹಾಕಿಬಿಟ್ಟಿದೆ. ಗಾಳಿ ಒಂದು ಕಡೆ ಎಳೆಯುತ್ತಿದೆ, ಹಗ್ಗ ಇನ್ನೊಂದು ಕಡೆ. ನಾನು ಮೊಣಕಾಲೂರಿ ನೀರಿನಲ್ಲಿ ತಡಕಾಡುತ್ತಿದ್ದೇನೆ.

ಅರ್ಧ ಗಂಟೆ ಮೊದಲು ಲಿಂಗನಮಕ್ಕಿ ಹಿನ್ನೀರಿನಲ್ಲಿ ಒಂದು ಅಲೆಯೂ ಇರಲಿಲ್ಲ. ಮೇ ತಿಂಗಳ ಕೊನೆ. ತುಂಬಿದರೆ 1819 ಅಡಿಯ ಮಟ್ಟಕ್ಕೆ ನಿಲ್ಲುವ ನೀರು ಪಾತಾಳಕ್ಕಿಳಿದು, 1964ರ ಅಣೆಕಟ್ಟಿಗೆ ಮುಳುಗಿದ ಕಾಡಿನ ಬೊಡ್ಡೆಗಳು ತಲೆ ಎತ್ತಿದ್ದವು. ದೂರದಲ್ಲಿ ಮಡೆನೂರು ಅಣೆಕಟ್ಟಿನ ಗೋಡೆ. ಲಿಂಗನಮಕ್ಕಿಗಿಂತ ಮೊದಲೇ ಶರಾವತಿಯನ್ನು ತಡೆದಿದ್ದ ಕಟ್ಟೆ ಅದು. ಈಗ ಬಿರುಬೇಸಿಗೆಯಲ್ಲಷ್ಟೇ ಮೇಲೆ ಕಾಣುತ್ತದೆ.

ನೀರು ಕುಗ್ಗಿದರೆ ಮೀನಿನ ಜಾಗವೂ ಕುಗ್ಗುತ್ತದೆ, ಬಲೆಯವರಿಗೆ ಸುಗ್ಗಿ. ಹಾಗಂತ ಎಲ್ಲಿ ಬಿಟ್ಟರೂ ಬೀಳುವುದಿಲ್ಲ. ಮೇಲ್ನೀರು ಕಾದಾಗ ಮೀನು ಹಳೇ ಹೊಳೆಯ ಪಾತ್ರದ ಆಳಕ್ಕೆ ಇಳಿಯುತ್ತದೆ, ಹೊತ್ತು ಇಳಿದ ಮೇಲೆ ಮೇಯಲು ಏಳುತ್ತದೆ. ಕಾಟ್ಲಾ ಮೇಲೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಗಾಳ ಹಿಡಿದು ಬಂದ ಪೇಟೆಯವರು ನಡುಮಧ್ಯಾಹ್ನ ದಡದಲ್ಲಿ ಕೂತು ಮೀನೇ ಇಲ್ಲ ಎಂದು ಬೈಯುತ್ತಾರೆ. ಬೈಯಲಿ. ಅಣ್ಣ ಬಲೆ ಬಿಡುವುದು ಸಂಜೆಗೆ, ಪಾತ್ರದ ಅಂಚಿನಲ್ಲಿ, ಮೀನು ಆಳದಿಂದ ದಡಕ್ಕೆ ಬರುವ ದಾರಿಗೆ ಅಡ್ಡವಾಗಿ. ಬೊಡ್ಡೆಗೆ ಸಿಕ್ಕಿ ಬಲೆ ಹರಿಯಬಹುದು, ಆದರೆ ಮೀನು ಮರೆ ಹುಡುಕುವುದೂ ಅಲ್ಲೇ.

ಅರ್ಧ ಬಲೆ ಬಿಟ್ಟಿದ್ದೆವು. ಸೆಖೆಗೆ ಅಂಗಿ ಬೆನ್ನಿಗೆ ಅಂಟಿತ್ತು. ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಬೀಸಿತು, ಎಲ್ಲೋ ಮಳೆ ಬಿದ್ದ ಮಣ್ಣಿನ ವಾಸನೆ ಅದರಲ್ಲಿ. ಅಣ್ಣ ಮೂಡಲ ಕಡೆ ತಿರುಗಿದ. ಗುಡ್ಡದ ಮೇಲೆ ಆಕಾಶ ಪೂರ್ತಿ ಕಪ್ಪು. "ಎಳಿ, ಬಲೆ ಒಳಗೆ ಎಳಿ!" ಎಳೆದೆವು. ಬರಲಿಲ್ಲ.

ಕತ್ತಿ ಸಿಕ್ಕಿತು. ಒಂದೇ ಏಟಿಗೆ ಹಗ್ಗ ತುಂಡು.

ತೆಪ್ಪ ಬುಗುರಿಯಂತೆ ಗಿರ್ರನೆ ಸುತ್ತಿತು. ದಡ ಯಾವ ಕಡೆ? "ಕೂತ್ಕೋ! ನಡುವೆ ಕೂತು ನೀರು ಚೆಲ್ಲು!" ತೆಪ್ಪಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ, ಗಾಳಿಗೆದುರು ಹುಟ್ಟು ಹಾಕಿದರೆ ತೋಳು ಸೋಲುತ್ತದೆಯೇ ಹೊರತು ಜಾಗ ಬಿಟ್ಟು ಕದಲುವುದಿಲ್ಲ. ಅಣ್ಣ ಗಾಳಿಯ ಜೊತೆಗೇ ಹೊರಟು, ಓರೆಯಾಗಿ ಹುಟ್ಟು ಎಳೆದ. ನಾನು ಡಬ್ಬಿ ತುಂಬಿ ಚೆಲ್ಲಿದಷ್ಟೂ ಅಲೆ ಮತ್ತೆ ತುಂಬಿಸಿತು. ಆಲಿಕಲ್ಲು ಬೆನ್ನಿಗೆ ಬಡಿಯಿತು. ಮಿಂಚಿನ ಬೆಳಕಿನಲ್ಲಿ ಗೋಡೆ ಕಂಡಿತು, ಹತ್ತಿರ, ತೀರಾ ಹತ್ತಿರ!

ಈಗ ಹೆದರಿಕೆ ಗೋಡೆಯದ್ದೇ. ಅಲೆಗಳು ಅದಕ್ಕೆ ಅಪ್ಪಳಿಸಿ ಸಿಡಿಯುತ್ತಿದ್ದವು. ಅಲ್ಲಿ ಬಡಿದರೆ ತೆಪ್ಪವೂ ಇಲ್ಲ, ನಾವೂ ಇಲ್ಲ. ಗೋಡೆಯ ತುದಿ ಸುತ್ತಿ ಮರೆಗೆ ಹೋಗಬೇಕು. ತುದಿ ತಪ್ಪಿದರೆ ಮುಂದೆ ಬರೀ ನೀರು. ಡಬ್ಬಿ ಬಿಸಾಡಿ ನಾನೂ ಇನ್ನೊಂದು ಹುಟ್ಟು ಹಿಡಿದೆ. ಎಳಿ! ಇನ್ನೊಂದು! ಕಲ್ಲು ಕೈಗೆ ತಾಗುವಷ್ಟು ಪಕ್ಕದಲ್ಲಿ ಹಾದುಹೋಯಿತು. ಮರುಗಳಿಗೆ ಗಾಳಿ ತಲೆಯ ಮೇಲೆ, ಕೆಳಗೆ ಅಲೆ ಸತ್ತ ನೀರು.

ತೆಪ್ಪವನ್ನು ಕೆಸರಿಗೆಳೆದು ಗೋಡೆಯ ಬುಡದಲ್ಲಿ ಮುದುರಿ ಕೂತೆವು. ಮೇಲೆ ಹತ್ತಲು ಅಣ್ಣ ಬಿಡಲಿಲ್ಲ. ಬಟಾಬಯಲಿನಲ್ಲಿ ಎತ್ತರದ ಜಾಗವೇ ಸಿಡಿಲಿಗೆ ಗುರಿ.

ಮಳೆ ಬಂದಷ್ಟೇ ಬೇಗ ಹೋಯಿತು. ಮರುದಿನ ಸಿಕ್ಕಿದ್ದು ಬೊಡ್ಡೆಗೆ ಸುತ್ತಿಕೊಂಡ ಚಿಂದಿ ಬಲೆ, ಅದರಲ್ಲಿ ಎರಡು ಕಾಟ್ಲಾ.

ಬೇಸಿಗೆ ಕೊನೆಯಲ್ಲಿ ಹಿನ್ನೀರಿಗೆ ಇಳಿಯುವವರೇ, ಲೈಫ್ ಜಾಕೆಟ್ ತೊಟ್ಟಿರಿ, ಕತ್ತಿಯನ್ನು ಸೊಂಟಕ್ಕೇ ಸಿಕ್ಕಿಸಿಕೊಳ್ಳಿ. ಮೂಡಲು ಕಪ್ಪಾದರೆ ಬಲೆ ಎಷ್ಟು ಬಾಕಿಯಿದ್ದರೂ ಬಿಟ್ಟು ದಡ ಹತ್ತಿಬಿಡಿ.