ಬಾಲನಟರ ಕಂಠಪರೀಕ್ಷೆ

ಗೀತನಾಟಕಕ್ಕೆ ಬಾಲಕರನ್ನಾರಿಸುವ ದಿನವು ಸಮೀಪಿಸಿತೆಂದರೆ ನೆರೆಹೊರೆಯ ಮಕ್ಕಳು ನಮ್ಮಲ್ಲಿಗೆ ಬರುವುದುಂಟು. ರಾಗವನ್ನು ಹೇಳಿಕೊಡುವಷ್ಟು ಸಂಗೀತವು ನಮಗೆ ತಿಳಿಯದು, ಉಚ್ಚಾರವನ್ನು ತಿದ್ದಬಲ್ಲೆವು. ಪಾಣಿನೀಯ ಶಿಕ್ಷೆಯು ಪಾಠಕನಿಗೆ ಹೇಳುವ ಆರು ಗುಣಗಳಲ್ಲಿ ಅಕ್ಷರವ್ಯಕ್ತಿಯೂ ಧೈರ್ಯವೂ ಸೇರಿವೆಯಷ್ಟೆ.

ಈ ಸಲ ಬಂದವನು 13 ವರ್ಷದ ಹುಡುಗ. ಧ್ವನಿ ಒಡೆಯುತ್ತಿರುವ ಪ್ರಾಯ. ಕೃಷ್ಣನ ಪಾತ್ರವೇ ಆಗಬೇಕೆಂದು ತಂದೆಯ ಹಠ. ಬಿ. ವಿ. ಕಾರಂತರು (1929–2002) ಬಾಲ್ಯದಲ್ಲಿಯೇ ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿ, ಮುಂದೆ ರಂಗಸಂಗೀತದಲ್ಲಿ ಹೆಸರಾದುದು ಅವರಿಗೆ ಮೇಲ್ಪಂಕ್ತಿ. ಮಗನನ್ನು ದಿನಕ್ಕೆರಡು ಗಂಟೆ ತಾರಷಡ್ಜದಲ್ಲಿ ಕೂಗಿಸುತ್ತಿದ್ದರು. ಈ ವಯಸ್ಸಿನಲ್ಲಿ ಧ್ವನಿಪೆಟ್ಟಿಗೆಯು ಬೆಳೆದು, ಅದರೊಳಗಣ ತಂತುಗಳು ನೀಳವೂ ದಪ್ಪವೂ ಆಗುತ್ತವೆ. ಬಲಾತ್ಕರಿಸಿದರೆ ಗಂಟಲು ಕೆಟ್ಟೀತೇ ಹೊರತು ಸ್ವರವು ನಿಲ್ಲದು.

ಹಾರ್ಮೋನಿಯಮ್ಮಿನ ಶ್ರುತಿಯನ್ನು ಎರಡು ಮನೆ ಇಳಿಸಿ ಹಾಡಿಸಿದೆವು. ಹಾಡು ಸಲೀಸಾಗಿ ಬಂದಿತು. ಹುಡುಗನ ಮುಖವೂ ಅರಳಿತು.

“ಈ ಶ್ರುತಿಗೆ ಕೃಷ್ಣನನ್ನು ಕೊಡುವರೇ, ಮೇಷ್ಟ್ರೇ?” ಎಂದು ತಂದೆ ಕೇಳಿದರು.

“ಕೊಡದಿರಬಹುದು. ಅಕ್ರೂರನಿಗೂ ಹಾಡುಗಳಿವೆಯಲ್ಲ,” ಎಂದೆವು.

ಹುಡುಗನು ಆ ಸಂಜೆಯೇ ಅಕ್ರೂರನ ಮಾತುಗಳನ್ನು ಬರೆದುಕೊಂಡು ಹೋದನು. ತಂದೆ ಇನ್ನೂ ಒಪ್ಪಿಲ್ಲ. ಪರೀಕ್ಷೆ ಬರುವ ಭಾನುವಾರ.