ತಾತ ಮನ್ಯಾಗಿಲ್ಲ

ಸಂಜೆ ಏಳರ ಸುಮಾರಿಗೆ ಫೋನ್ ಬಂದರೆ ಅದು ಯಾರದೆಂದು ಅರಕೇರಾದ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಾಗಿಬಿಟ್ಟಿತ್ತು. ಅದು ರಾಯಚೂರಿನಲ್ಲಿ ನಾನು ಓದಿದ ಕಾಲೇಜಿನದು. ಹಳೆಯ ವಿದ್ಯಾರ್ಥಿಗಳ ಪಟ್ಟಿ ಇಟ್ಟುಕೊಂಡು ಈಗಿನ ಹುಡುಗ ಹುಡುಗಿಯರು ಒಬ್ಬೊಬ್ಬರಿಗೇ ಫೋನ್ ಮಾಡಿ ದೇಣಿಗೆ ಕೇಳುತ್ತಿದ್ದರು.

ಮೊದಲ ಸಲ 'ನೋಡೋಣ' ಎಂದೆ. ಎರಡನೆಯ ಸಲ 'ಊರಾಗಿಲ್ಲ' ಎಂದೆ. ಮೂರನೆಯ ಸಲ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕೂತುಕೊಂಡೇ 'ಬಸ್ಸಿನಾಗ ಇದ್ದೀನಿ, ಕೇಳಸವಲ್ದು' ಎಂದೆ. ನಾಲ್ಕನೆಯ ಸಲ ಫೋನನ್ನು ಮೊಮ್ಮಗಳ ಕೈಗೆ ಕೊಟ್ಟು ಸನ್ನೆ ಮಾಡಿದೆ. ಐದನೆಯ ತರಗತಿಯ ಹುಡುಗಿ. 'ತಾತ ಮನ್ಯಾಗಿಲ್ರಿ' ಎಂದು ಹೇಳಿ ಫೋನ್ ಇಟ್ಟಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು:

"ಸುಳ್ಳು ಹೇಳಬಾರ್ದು ಅಂತ ನೀನೇ ಹೇಳ್ತಿ. ಮತ್ತ ನನ್ನ ಕಡಿಂದ ಯಾಕ ಹೇಳಸ್ತಿ, ತಾತ?"

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಾಸ್ತರಿಕೆ ಮಾಡಿದವನು ನಾನು. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಜಿಪುಣನಲ್ಲ. ಜಾತ್ರೆಗೆ, ಗುಡಿಗೆ, ಶಾಲೆಗೆ ಕೈಲಾದಷ್ಟು ಕೊಟ್ಟಿದ್ದೇನೆ. ಕಾಲೇಜಿನ ಫೋನಿಗೆ ಮಾತ್ರ ಯಾಕೆ ತಪ್ಪಿಸಿಕೊಳ್ಳುತ್ತಿದ್ದೆ? ಕಾರಣ ನನಗೆ ಗೊತ್ತಿತ್ತು. ಯಾರ ಮುಂದೆಯೂ ಹೇಳಿರಲಿಲ್ಲ, ಅಷ್ಟೇ.

1972ರ ಬರ ಹಿರಿಯರಿಗೆ ನೆನಪಿರಬಹುದು. ಆಗ ನಮ್ಮ ಕಡೆಗೆ ನಾರಾಯಣಪುರದ ಕಾಲುವೆ ನೀರು ಬಂದಿರಲಿಲ್ಲ. ಮಳೆ ಬಂದರೆ ಜೋಳ, ಬರದಿದ್ದರೆ ಇಲ್ಲ. ಮನೆಯ ಜೋಡೆತ್ತಿನಲ್ಲಿ ಒಂದನ್ನು ಅಪ್ಪ ಮಾರಿದ್ದ. ಮುಂದಿನ ವರ್ಷ ನನ್ನ ಪರೀಕ್ಷೆ. ಶುಲ್ಕ ಕಟ್ಟುವ ಕೊನೆಯ ದಿನ ಕೈಯಲ್ಲಿ ದುಡ್ಡಿಲ್ಲದೆ ಕಚೇರಿಯ ಮುಂದೆ ನಿಂತಿದ್ದೆ. ನಮ್ಮ ಮೇಷ್ಟ್ರೊಬ್ಬರು ನೋಡಿ ಒಳಗೆ ಕರೆದೊಯ್ದರು. ಬಡ ವಿದ್ಯಾರ್ಥಿಗಳ ನಿಧಿಯಿಂದ ನಲವತ್ತೈದು ರೂಪಾಯಿ ಕೊಡಿಸಿದರು. 'ನೌಕರಿ ಸಿಕ್ಕ ಮೇಲೆ ತಿರುಗಿ ಕೊಡು, ಇನ್ನೊಬ್ಬ ಹುಡುಗನಿಗೆ ಆಗ್ತದ' ಎಂದರು.

ನೌಕರಿ ಸಿಕ್ಕಿತು. ಮೊದಲು ತಂಗಿಯ ಮದುವೆ, ಆಮೇಲೆ ಮನೆ, ಆಮೇಲೆ ಮಕ್ಕಳ ಓದು. ನಲವತ್ತೈದು ರೂಪಾಯಿ ಬರಬರುತ್ತಾ ಸಣ್ಣ ಮೊತ್ತವಾಯಿತು, ಅದನ್ನು ಹಿಡಿದುಕೊಂಡು ಹೋಗುವ ನಾಚಿಕೆ ಮಾತ್ರ ದೊಡ್ಡದಾಗುತ್ತಾ ಹೋಯಿತು. ದೇಣಿಗೆ ಕೇಳುವ ಆ ಹುಡುಗಿಯ ದನಿ ನನ್ನ ಕಿವಿಗೆ ಸಾಲ ಕೇಳುವವರ ದನಿಯಂತೆ ಕೇಳುತ್ತಿತ್ತು.

ಮರುದಿನ ಮೊಮ್ಮಗಳಿಗೆ ಎಲ್ಲ ಹೇಳಿದೆ. "ಕೊಟ್ಟುಬಿಡು ಮತ್ತ" ಎಂದಳು. ತಕ್ಷಣವೇ, "ತಡಿ, ಅವರು ಖರೇನೇ ಕಾಲೇಜಿನವರೋ ಅಲ್ಲೋ?" ಎಂದೂ ಕೇಳಿದಳು. ಫೋನ್ ಮೋಸದ ಬಗ್ಗೆ ಶಾಲೆಯಲ್ಲಿ ಹೇಳಿದ್ದರಂತೆ. ಮಾತು ಸರಿಯಾಗಿತ್ತು. ಒಟಿಪಿ ಕೇಳುವವರು, ಲಿಂಕ್ ಕಳಿಸಿ ಒತ್ತಿರಿ ಎನ್ನುವವರು, ಈಗಲೇ ಕಳಿಸಿ ಎಂದು ಅವಸರ ಮಾಡುವವರು ದೇಣಿಗೆಯ ಹೆಸರಿನಲ್ಲೂ ಬರಬಹುದು. ಅಂಥವರ ಕೈಗೆ ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ ದೂರು ಕೊಡಬೇಕು. ರಾಯಚೂರಿನಲ್ಲಿರುವ ಗೆಳೆಯನೊಬ್ಬನನ್ನು ಕಾಲೇಜಿನ ಕಚೇರಿಗೇ ಕಳಿಸಿ ವಿಚಾರಿಸಿದೆ. ಫೋನ್ ಅವರದೇ ಆಗಿತ್ತು.

ದುಡ್ಡು ಕೇಳುವುದು ಕೀಳೆಂದು ನಾನು ಅಂದುಕೊಂಡಿದ್ದೆ. ಯೋಚಿಸಿದರೆ, ನಮ್ಮ ನಾಡಿನ ಎಷ್ಟೋ ಶಾಲೆಗಳು ನಿಂತಿರುವುದು ಕೇಳಿದವರಿಂದ ಮತ್ತು ಕೊಟ್ಟವರಿಂದ. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದವರು ಏಳು ಜನ ಶಿಕ್ಷಕರು. ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನೇ ವಿದ್ಯೆಗೆ ಬರೆದಿಟ್ಟರು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಊರೂರು ತಿರುಗಿ, ಭಕ್ತರು ಕೊಟ್ಟ ಕಾಳುಕಡಿಯಿಂದ ಸಾವಿರಾರು ಮಕ್ಕಳಿಗೆ ಅನ್ನ ಹಾಕಿದರು. ಮದನಮೋಹನ ಮಾಳವೀಯರು ಬನಾರಸ್ ವಿಶ್ವವಿದ್ಯಾಲಯಕ್ಕಾಗಿ ದೇಶವೆಲ್ಲ ಸುತ್ತಿ ಕೈಚಾಚಿದರು. ನಮ್ಮ ರಾಯಚೂರಿನಲ್ಲೇ ನಿಜಾಮರ ಕಾಲದಲ್ಲಿ ಪಂಡಿತ ತಾರಾನಾಥರು ಶಾಲೆ ಕಟ್ಟಿ ಅದಕ್ಕೆ 'ಹಮ್‌ದರ್ದ್' ಎಂದು ಹೆಸರಿಟ್ಟರು. ಹಮ್‌ದರ್ದ್ ಎಂದರೆ ಇನ್ನೊಬ್ಬರ ನೋವಿನಲ್ಲಿ ಪಾಲುಗೊಳ್ಳುವವನು.

ಮುಂದಿನ ವಾರ ಫೋನ್ ಬಂದಾಗ ನಾನೇ ಎತ್ತಿದೆ. "ಎಷ್ಟನೇ ವರ್ಷದಾಕಿ ನೀನು, ತಂಗಿ?" ಎಂದೆ. "ಬಿ.ಎ. ಎರಡನೇ ವರ್ಷ್ರಿ, ಸರ್" ಎಂದಳು. ದನಿ ಅಂಜುತ್ತಿತ್ತು. ಎಷ್ಟು ಜನ ನನ್ನ ಹಾಗೆ ಬಸ್ಸಿನಲ್ಲಿದ್ದೇನೆ ಎಂದಿದ್ದರೋ. ನಾಲ್ಕು ಮಾತು ಕೇಳಿದೆ: ದುಡ್ಡು ಯಾವುದಕ್ಕೆ? ಯಾರ ಖಾತೆಗೆ? ರಸೀದಿ ಕೊಡುತ್ತೀರಾ? ಬಡ ವಿದ್ಯಾರ್ಥಿಗಳ ನಿಧಿ ಇನ್ನೂ ಇದೆಯಾ? ಕಾಲೇಜಿನ ಖಾತೆಗೇ ಹೋಗುತ್ತದೆ, ರಸೀದಿ ಬರುತ್ತದೆ, ಸಭಾಂಗಣ ಕಟ್ಟುತ್ತಿದ್ದಾರೆ ಎಂದಳು. ಕೊನೆಯದನ್ನು ಕೇಳಿ ಹೇಳುತ್ತೇನೆ ಎಂದು, ಮರುದಿನ ಮರೆಯದೆ ಫೋನ್ ಮಾಡಿದಳು.

"ನಿಧಿ ಐತ್ರಿ ಸರ್. ಹೋದ ವರ್ಷ ನನ್ನ ಪರೀಕ್ಷಾ ಫೀಜೂ ಅದರಾಗಿಂದೇ ಕಟ್ಯಾರಂತ್ರಿ. ನನಗೇ ಗೊತ್ತಿರಲಿಲ್ಲ."

ಸ್ವಲ್ಪ ಹೊತ್ತು ನನಗೆ ಮಾತೇ ಬರಲಿಲ್ಲ.

ನಲವತ್ತೈದು ರೂಪಾಯಿಗೆ ಈಗ ಎಷ್ಟು ಕೊಡಬೇಕು? ಲೆಕ್ಕ ಹಾಕಿದವಳು ಮೊಮ್ಮಗಳು. "ಈಗಿನ ಪರೀಕ್ಷಾ ಫೀಜು ಎಷ್ಟೈತೋ ಅಷ್ಟು. ಇಬ್ಬರದು ಕೊಡು. ಒಂದು ಸಾಲದ್ದು, ಒಂದು ಬಡ್ಡಿದು." ಹಾಗೇ ಮಾಡಿದೆ. ಸಭಾಂಗಣಕ್ಕೆ ಕೊಡಲಾರೆ ಎಂದೂ ಬಾಯಿಬಿಟ್ಟು ಹೇಳಿದೆ. ಹುಡುಗಿ ಬೇಸರ ಮಾಡಿಕೊಳ್ಳಲಿಲ್ಲ. ಇಲ್ಲ ಎಂದರೆ ಯಾರೂ ಸಾಯುವುದಿಲ್ಲ. ಅಷ್ಟು ದಿನ ಇಲ್ಲ ಎನ್ನಲು ಅಂಜಿ ಸುಳ್ಳು ಹೇಳುತ್ತಿದ್ದೆನಲ್ಲ!

ಹದಿನೈದು ದಿನ ಕಳೆದ ಮೇಲೆ ಸಂಜೆ ಏಳಕ್ಕೆ ಮತ್ತೆ ಫೋನ್. ಪಟ್ಟಿಯಲ್ಲಿ ನನ್ನ ಹೆಸರು ಇನ್ನೂ ಉಳಿದಿತ್ತೇನೋ, ಈ ಸಲ ಬೇರೊಬ್ಬ ಹುಡುಗ. ಮೊಮ್ಮಗಳು ಎತ್ತಿ ಗಟ್ಟಿಯಾಗಿ ಹೇಳಿದಳು:

"ತಾತ ಮನ್ಯಾಗೇ ಅದಾನ್ರಿ. ತಡೀರಿ, ಕೊಡ್ತೀನಿ."

ಫೋನ್ ತೆಗೆದುಕೊಂಡು, "ಈ ವರ್ಷದ್ದು ಕೊಟ್ಟೀನಪ್ಪ. ಮುಂದಿನ ವರ್ಷ ಮಾಡು, ಇದ್ದರ ಕೊಡ್ತೀನಿ" ಎಂದೆ.