ಶ್ರೀರಂಗಪಟ್ಟಣವನ್ನು ನೋಡಿದ್ದು

ಶ್ರೀರಂಗಪಟ್ಟಣವನ್ನು ನಾವು ಎಷ್ಟು ಸಲ ನೋಡಿರುವೆವೆಂದು ಯಾರಾದರೂ ಕೇಳಿದರೆ ಲೆಕ್ಕವಿಟ್ಟಿಲ್ಲವೆಂದೇ ಹೇಳಬೇಕು. ಮೂವತ್ತು ವರ್ಷಗಳ ಉಪಾಧ್ಯಾಯ ವೃತ್ತಿಯಲ್ಲಿ ವರ್ಷಕ್ಕೊಮ್ಮೆಯಾದರೂ ಬಾಲಕರ ಹಿಂಡನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಿಬರುವುದು ನಮ್ಮ ಪಾಲಿಗೆ ಬಂದ ಕೆಲಸವಾಗಿದ್ದಿತು. ಸಂಸ್ಕೃತದ ಮೇಷ್ಟರಿಗೂ ಪ್ರವಾಸಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಗಣಿತದವರಿಗೂ ವಿಜ್ಞಾನದವರಿಗೂ ಎಂದಿಗೂ ಬಿಡುವಿಲ್ಲ, ಸಂಸ್ಕೃತದವನಿಗೆ ಸದಾ ಬಿಡುವು ಎಂಬುದು ಪಾಠಶಾಲೆಗಳಲ್ಲಿ ರೂಢಮೂಲವಾದ ನಂಬಿಕೆ. ಅದನ್ನು ಅಲ್ಲಗಳೆಯುವ ಶಕ್ತಿ ನಮಗಿರಲಿಲ್ಲ.

ಹುಡುಗರಿಗೆ ಹೇಳಬೇಕಾದುದೆಲ್ಲ ನಮಗೆ ಶಬ್ದರೂಪಾವಳಿಯಂತೆ ಕಂಠಸ್ಥವಾಗಿದ್ದಿತು. ೮೯೪ರಲ್ಲಿ ಗಂಗರ ಕಾಲದ ತಿರುಮಲಯ್ಯನಿಂದ ದೇವಾಲಯ. ೧೪೫೪ರಲ್ಲಿ ತಿಮ್ಮಣ್ಣನಾಯಕನಿಂದ ಕೋಟೆ. ೧೬೧೦ರಲ್ಲಿ ರಾಜ ಒಡೆಯರ ವಶ. ೧೭೯೯ನೆಯ ಮೇ ೪ರಂದು ಕೋಟೆಯ ಪತನ, ಟಿಪ್ಪೂ ಸುಲ್ತಾನನ ಮರಣ, ರಾಜಧಾನಿ ಮೈಸೂರಿಗೆ. ಗುಡಿ, ಮಸೀದಿ, ಸೆರೆಮನೆ, ಸುಲ್ತಾನನು ಬಿದ್ದ ಸ್ಥಳ, ದರಿಯಾ ದೌಲತ್, ಗುಂಬಜ್, ಸಂಗಮ: ಎಲ್ಲವೂ ಎರಡೂವರೆ ಗಂಟೆಯಲ್ಲಿ ಮುಗಿಯಬೇಕು. ಮುಗಿಸುತ್ತಿದ್ದೆವು. ಹುಡುಗರ ತಲೆಗಳನ್ನು ಎಣಿಸುವುದರಲ್ಲಿಯೇ ನಮ್ಮ ಕಣ್ಣು ನೆಟ್ಟಿರುತ್ತಿತ್ತು. ನೀರಿನ ಬಳಿಗೆ ಮಕ್ಕಳನ್ನು ಕರೆದೊಯ್ದವರಿಗೆ ಆ ಭಯ ಏನೆಂಬುದು ಗೊತ್ತು.

ನಮ್ಮ ವಾಸ ಮೈಸೂರಿನಲ್ಲಿ; ಪಟ್ಟಣಕ್ಕೆ ಹತ್ತು ಮೈಲಿಯೂ ದೂರವಿಲ್ಲ. ಆದರೂ ನಮ್ಮಾಕೆಯನ್ನು ಒಂದು ದಿನವೂ ಅಲ್ಲಿಗೆ ಕರೆದೊಯ್ದಿರಲಿಲ್ಲ. ಆಕೆ ಕೇಳಿದಾಗಲೆಲ್ಲ “ಮುಂದೆ ಹೋದರಾಯಿತು, ಶ್ರೀರಂಗಪಟ್ಟಣವೇನು ಓಡಿಹೋಗುತ್ತದೆಯೆ?” ಎನ್ನುತ್ತಿದ್ದೆವು.

ಮೂರು ವರ್ಷಗಳ ಹಿಂದೆ ಆಕೆ ಹೊಸ್ತಿಲನ್ನು ಎಡವುವುದೂ ಬಾಗಿಲ ತೋಳಿಗೆ ಭುಜ ತಗುಲಿಸಿಕೊಳ್ಳುವುದೂ ಮೊದಲಾಯಿತು. “ನೋಡಿಕೊಂಡು ನಡೆಯಬಾರದೆ?” ಎಂದು ನಾವು ಗದರಿದೆವು. ಒಂದು ಸಲವಲ್ಲ, ಆ ವರ್ಷವೆಲ್ಲ ಗದರಿದೆವು. ಕೊನೆಗೆ ಕಣ್ಣಿನ ವೈದ್ಯರು ಪರೀಕ್ಷಿಸಿ, ಇದು ಗ್ಲಾಕೋಮಾ ಎಂದರು. ಕಣ್ಣಿನೊಳಗಿನ ದ್ರವದ ಒತ್ತಡದಿಂದ ನರವು ಕುಂದುತ್ತಾ ಬರುವುದಂತೆ, ನೋವಿಲ್ಲ, ಕೆಂಪಿಲ್ಲ, ದೃಷ್ಟಿ ಅಂಚಿನಿಂದ ಕಿರಿದಾಗುತ್ತಾ ಬರುವುದಾದ್ದರಿಂದ ಬಹುಕಾಲ ತಿಳಿಯುವುದೇ ಇಲ್ಲವಂತೆ. ಹೋದದ್ದು ಮರಳದು, ದಿನವೂ ಹನಿ ಹಾಕಿದರೆ ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ಮನೆಯಲ್ಲಿ ನಲವತ್ತು ದಾಟಿದವರಿದ್ದರೆ ಕಣ್ಣಿನ ಒತ್ತಡವನ್ನು ಒಮ್ಮೆ ಅಳೆಯಿಸಿಕೊಳ್ಳಿರೆಂದು ಓದುಗರನ್ನು ಬೇಡುವೆವು. ನಾವು ಗದರುತ್ತಾ ಕಳೆದ ವರ್ಷವನ್ನು ನಮ್ಮಾಕೆಗೆ ಯಾರೂ ತಿರುಗಿ ಕೊಡಲಾರರು.

ನಿವೃತ್ತರಾದ ತಿಂಗಳಲ್ಲಿಯೇ ಆಕೆ ಹೇಳಿದಳು: “ಈಗಲಾದರೂ ಕರೆದುಕೊಂಡು ಹೋಗಿ. ಇನ್ನೂ ಅಷ್ಟೋ ಇಷ್ಟೋ ಕಾಣುತ್ತದೆ.”

ಬೆಳಗಿನ ರೈಲಿನಲ್ಲಿ ಹೊರಟೆವು. ಮೊದಲು ರಂಗನಾಥನ ದರ್ಶನ. ಕಾವೇರಿಯ ಮೂರು ದ್ವೀಪಗಳಲ್ಲಿ ಇವನೇ ಆದಿರಂಗ. ಮಧ್ಯರಂಗನು ಶಿವನಸಮುದ್ರದಲ್ಲಿ, ಅಂತ್ಯರಂಗನು ಶ್ರೀರಂಗದಲ್ಲಿ. ಇದನ್ನು ಹೇಳುತ್ತಾ ಗರ್ಭಗೃಹದ ಮುಂದೆ ನಿಂತೆವು. ಶೇಷಶಾಯಿಯ ಮೂರ್ತಿಯೋ ಬಹಳ ದೊಡ್ಡದು. ನಮ್ಮಾಕೆಯ ದೃಷ್ಟಿಯೋ ಕೊಳವೆಯೊಳಗಿಂದ ನೋಡಿದಂತೆ. ಮುಖವನ್ನು ಹಿಡಿದರೆ ಪಾದ ತಪ್ಪುತ್ತದೆ. ಪಾದವನ್ನು ಹಿಡಿದರೆ ಮುಖ ತಪ್ಪುತ್ತದೆ. ಹಿಂದಿನಿಂದ ಜನ ಒತ್ತುತ್ತಿದ್ದರು. “ಮುಖ ನೋಡು, ಮುಖ ನೋಡು” ಎಂದು ನಾವು ಅವಸರಪಡಿಸಿದೆವು. ಆಕೆ ಪಾದದ ಕಡೆಗೇ ನೋಡುತ್ತಾ ನಿಂತಳು. ಹೊರಗೆ ಬಂದ ಮೇಲೆ, “ಸ್ವಾಮಿಯ ಕಾಲ ಬಳಿ ಒಬ್ಬಳು ಕುಳಿತಿದ್ದಾಳಲ್ಲ, ಯಾರವಳು?” ಎಂದಳು. ಕಾವೇರಿಯೆಂದೆವು. “ಹೊಳೆ ಹೊರಗೂ ಇದೆ, ಒಳಗೂ ಇದೆ. ಇದನ್ನು ನೀವು ಒಂದು ದಿನವೂ ಮನೆಯಲ್ಲಿ ಹೇಳಲಿಲ್ಲ.” ಹೇಳದಿದ್ದುದು ನಿಜ. ಪುಸ್ತಕದಲ್ಲಿ ಓದಿದ್ದೆವೇ ಹೊರತು ಅಷ್ಟು ಹೊತ್ತು ನಿಂತು ನೋಡಿದ ನೆನಪಿಲ್ಲ.

ಗುಡಿಯ ಮುಂದೆ ಹೈದರಾಲಿಯು ಒಪ್ಪಿಸಿದನೆಂದು ಪ್ರಸಿದ್ಧವಾದ ಮರದ ತೇರು ನಿಂತಿದೆ. ಆಕೆ ಅದರ ಚಕ್ರವನ್ನು ಕೈಯಿಂದ ಸವರಿ ನೋಡಿದಳು.

ಅಲ್ಲಿಂದ ಆಟೋ ಹಿಡಿದು ಕೋಟೆಯೊಳಗೆ ಸುತ್ತಿದೆವು. ಮಸೀದಿಯ ಜೋಡಿ ಮಿನಾರುಗಳನ್ನು ಆಕೆ ಒಂದಾದ ಮೇಲೊಂದರಂತೆ ಕಂಡಳು. ಸೆರೆಮನೆಯ ಮೆಟ್ಟಿಲು ಇಳಿಯುವ ಸಾಹಸಕ್ಕೆ ಹೋಗಲಿಲ್ಲ. ರೈಲುದಾರಿಯ ಬಳಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದಿದೆ. ಇಟ್ಟಿಗೆ ಗಾರೆಗಳ ಗಟ್ಟಿ ಕಟ್ಟಡ, ತೂಕ ಸುಮಾರು ೧,೦೦೦ ಟನ್. ಜೋಡಿ ಹಳಿಗಳಿಗೆ ಅಡ್ಡವಾಗುವುದೆಂದು ೨೦೧೭ರಲ್ಲಿ ಇದನ್ನು ಒಡೆಯದೆ, ಬುಡದಲ್ಲಿ ಉಕ್ಕಿನ ತೊಲೆಗಳನ್ನು ತೂರಿಸಿ, ಜಾಕಿಗಳಿಂದ ಮೇಲೆತ್ತಿ, ನೂರು ಮೀಟರಿಗೂ ಮಿಗಿಲಾದ ದೂರ ಇಡಿಯಾಗಿ ಸರಿಸಿ ಕೂಡಿಸಿದರು. ಇದನ್ನು ಉತ್ಸಾಹದಿಂದ ವಿವರಿಸುತ್ತಿದ್ದೆವು. ನಮ್ಮಾಕೆ ನಕ್ಕಳು. “ಶ್ರೀರಂಗಪಟ್ಟಣ ಓಡಿಹೋಗುವುದಿಲ್ಲ ಎಂದಿದ್ದಿರಲ್ಲ?”

ಓಡಿಹೋದದ್ದು ಮದ್ದಿನ ಮನೆಯೊಂದೇ ಅಲ್ಲ. ಟಿಪ್ಪುವಿನ ಲಾಲ್ ಮಹಲ್ ಇದ್ದ ಕಡೆ ಇಂದು ಅರಮನೆಯಿಲ್ಲ. ಅದರ ತೊಲೆಗಳು ಬೇಕೆಂದರೆ ಉದಕಮಂಡಲಕ್ಕೆ ಹೋಗಬೇಕು. ೧೮೩೧ರಲ್ಲಿ ತೆರೆದ ಅಲ್ಲಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡನ್ನು ಅವು ಹೊತ್ತಿವೆ.

ದರಿಯಾ ದೌಲತ್ತನ್ನು ಸೇರುವ ವೇಳೆಗೆ ಬಿಸಿಲೇರಿತ್ತು. ೧೭೮೪ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆಯ ಅರಮನೆ. ಮರದ ಕಂಬಗಳು, ಸುತ್ತಲೂ ಜಗುಲಿ, ಒಳಹೊಕ್ಕರೆ ತಂಪು. ಪಡುವಣ ಗೋಡೆಯ ಮೇಲೆ ೧೭೮೦ರ ಪೊಳ್ಳಿಲೂರಿನ ಯುದ್ಧದ ಚಿತ್ರವಿದೆ. ಹೈದರನೂ ಟಿಪ್ಪುವೂ ಸೇರಿ ಕರ್ನಲ್ ಬೇಯ್ಲಿಯ ಇಂಗ್ಲಿಷ್ ಪಡೆಯನ್ನು ಮುರಿದ ಯುದ್ಧವದು. ಬಣ್ಣ ಮಾಸಿಹೋಗಿದ್ದ ಈ ಚಿತ್ರವನ್ನು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯು ಮತ್ತೆ ಬರೆಯಿಸಿದನು. ಸೋತವರ ಕಡೆಯವನೇ ತಮ್ಮ ಸೋಲಿನ ಚಿತ್ರಕ್ಕೆ ಬಣ್ಣ ಕೊಡಿಸಿದ್ದು ನಮಗೆ ಯಾವಾಗಲೂ ವಿಚಿತ್ರವಾಗಿ ತೋರಿದೆ.

ಇಷ್ಟನ್ನೂ ಹೇಳಿ, ವಾಡಿಕೆಯಂತೆ “ಮುಂದೆ ನಡೆ” ಎಂದೆವು. ಆಕೆ ನಡೆಯಲಿಲ್ಲ. “ನನಗೆ ಒಂದು ಕುದುರೆಯ ಕಾಲು ಕಾಣುತ್ತಿದೆ, ಅಷ್ಟೆ. ಉಳಿದದ್ದೇನಿದೆ ಹೇಳಿ” ಎಂದಳು. ಯುದ್ಧವೆಂದೆವು. “ಯುದ್ಧವೆಂದರೆ? ಯಾರು ಏನು ಮಾಡುತ್ತಿದ್ದಾರೆ?”

ಆಗ ನಾವು ಗೋಡೆಯನ್ನು ನೋಡತೊಡಗಿದೆವು. ಇಂಗ್ಲಿಷರ ಪಡೆ ಚೌಕವಾಗಿ ನಿಂತಿದೆ; ಕೆಂಪಂಗಿಯ ಸಾಲು. ನಡುವೆ ಮದ್ದಿನ ಬಂಡಿ ಸಿಡಿದು ಜ್ವಾಲೆಯೆದ್ದಿದೆ. ಗಾಯಗೊಂಡ ಬೇಯ್ಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. “ಕುಳಿತು ಏನು ಮಾಡುತ್ತಿದ್ದಾನೆ?” ಹತ್ತಿರ ಹೋಗಿ ನೋಡಿದೆವು. ಬೆರಳು ಕಚ್ಚಿಕೊಳ್ಳುತ್ತಿದ್ದಾನೆ! “ಪಾಪ,” ಎಂದಳು. “ಟಿಪ್ಪು?” ಆನೆಯ ಮೇಲೆ. “ಕೈಯಲ್ಲಿ ಕತ್ತಿಯೆ?” ಕತ್ತಿಯೆಂದು ಬಾಯಿಗೆ ಬಂದಿತ್ತು, ಮೂವತ್ತು ವರ್ಷ ಹುಡುಗರಿಗೆ ವೀರಾವೇಶವನ್ನೇ ವರ್ಣಿಸಿದ್ದೆವು. ಕನ್ನಡಕವನ್ನು ಒರೆಸಿ ಮತ್ತೆ ನೋಡಿದೆವು. ಕತ್ತಿಯಲ್ಲ, ಗುಲಾಬಿ. ಅಷ್ಟು ಜನ ಸಾಯುತ್ತಿರುವಲ್ಲಿ ಅವನು ಹೂವನ್ನು ಮೂಸುತ್ತಿದ್ದಾನೆ.

ಆ ಗೋಡೆಯ ಮುಂದೆ ಒಂದು ಗಂಟೆಗೂ ಹೆಚ್ಚು ನಿಂತಿದ್ದೆವು. ಆಕೆ ಕೇಳುವಳು, ನಾವು ಹುಡುಕುವೆವು. ನಮ್ಮ ಸುತ್ತ ಯಾವುದೋ ಪಾಠಶಾಲೆಯ ಮಕ್ಕಳು ಬಂದು ನಿಂತು ಕೇಳಿದರು. ಅವರ ಮೇಷ್ಟರು ಗಡಿಯಾರ ನೋಡಿಕೊಂಡು ಅವರನ್ನು ಹೊರಡಿಸಿಕೊಂಡು ಹೋದರು. ಅವರ ಸಂಕಟ ನಮಗೆ ತಿಳಿಯದುದಲ್ಲ.

ಗುಂಬಜ್ ಉಳಿಯಿತು, ಸಂಗಮವೂ ಉಳಿಯಿತು. ಹನಿ ಹಾಕುವ ಹೊತ್ತಾಗಿತ್ತು. ವೆಲ್ಲೆಸ್ಲಿ ಸೇತುವೆ ಕಾಣುವಂತೆ ಹೊಳೆಯ ದಡದಲ್ಲಿ ನೆರಳು ನೋಡಿ ಕುಳಿತೆವು. ದಿವಾನ್ ಪೂರ್ಣಯ್ಯನವರು ೧೮೦೪ರಲ್ಲಿ ಕಟ್ಟಿಸಿದ ಸೇತುವೆ. ಕಮಾನುಗಳಿಲ್ಲ, ನೀರಿನಲ್ಲಿ ನೆಟ್ಟ ಕಲ್ಲುಕಂಬಗಳು, ಅವುಗಳ ಮೇಲೆ ಕಲ್ಲಿನ ತೊಲೆಗಳು. ಆಕೆ ಮುಖವೆತ್ತಿದಳು, ಒಂದೊಂದು ಕಣ್ಣಿಗೆ ಒಂದೊಂದು ಹನಿ ಬಿಟ್ಟೆವು. ಬಳಿಕ ಐದು ನಿಮಿಷ ರೆಪ್ಪೆ ಮುಚ್ಚಿ, ಮೂಗಿನ ಬದಿಯನ್ನು ಬೆರಳಿನಿಂದ ಒತ್ತಿಕೊಂಡಿರಬೇಕು.

“ಕಂಬ ಎಷ್ಟಿವೆ?” ಎಂದಳು, ಕಣ್ಣು ಮುಚ್ಚಿಕೊಂಡೇ.

ಎಣಿಸತೊಡಗಿದೆವು. ಬಿಸಿಲು ನೀರಿಗೆ ಬಿದ್ದು ಕಂಬವಾವುದು, ನೆರಳಾವುದು ಎಂದು ತಿಳಿಯದೆ ಎರಡು ಸಲ ಲೆಕ್ಕ ತಪ್ಪಿತು.

“ಮೊದಲಿಂದ ಎಣಿಸಿ. ಇನ್ನೂ ಮೂರು ನಿಮಿಷವಿದೆ” ಎಂದಳು.